ಕೆಂಪು ಕಾರಿನ ಕಾಯಿಲೆ

"ಇದು ಕಾಯಿಲೆ ಅಲ್ಲ ಸಾರ್. ಯಾರೋ ಬೇಕೂಂತ್ಲೇ ಕೈಯಾಡಿಸಿದಾರೆ," ಎಂದ ಮೆಕ್ಯಾನಿಕ್, ಎಂಜಿನ್ನಿನ ಮೇಲಿಂದ ತಲೆಯೆತ್ತಿ.

ಅಳಿಯ ಚರ್ಮದ ಕೈಗವಸು ಸರಿಮಾಡಿಕೊಂಡ. ಕೆಂಪು ಬಣ್ಣದ, ಎರಡೇ ಸೀಟಿನ ಸ್ಪೋರ್ಟ್ಸ್ ಕಾರು. ಲಾರಿಯಿಂದ ಇಳಿಸಿ ಶೆಡ್ಡಿಗೆ ತಳ್ಳಿದ ದಿನದಿಂದ ಒಂದು ಗೇಣೂ ಕದಲಿಲ್ಲ. ಟೈರುಗಳ ಮೈಮೇಲಿನ ರಬ್ಬರ್ ಕೂದಲು ಕೂಡ ಉದುರಿಲ್ಲ. ಹೊರಡೋಣವೆಂದು ಇವನು ಇಸ್ತ್ರಿ ಅಂಗಿ ತೊಟ್ಟ ದಿನವೇ ಅದಕ್ಕೆ ಏನಾದರೊಂದು ಆಗುತ್ತಿತ್ತು. ಒಮ್ಮೆ ಬ್ಯಾಟರಿ ತಂತಿ ಸಡಿಲ. ಇನ್ನೊಮ್ಮೆ ಪೆಟ್ರೋಲ್ ಪಂಪಿನ ಫ್ಯೂಸ್ ಮಾಯ.

ಇವತ್ತು ನೆಪ ನಡೆಯುವಂತಿರಲಿಲ್ಲ. ಜಗಲಿಯ ಮೇಲೆ ಕುರ್ಚಿ ಹಾಕಿಕೊಂಡ ಹೆಂಡತಿ ತೀರ್ಪು ಕೊಟ್ಟಾಗಿತ್ತು.

"ಊಟದ ಹೊತ್ತಿಗೆ ಕಾರು ನಮ್ಮಪ್ಪನ್ನ ಕೂರಿಸ್ಕೊಂಡು ಗೇಟು ದಾಟ್ಬೇಕು. ಇಲ್ದಿದ್ರೆ ಸಂಜೆ ತಗೊಳ್ಳೋರು ಬರ್ತಾರೆ, ಕೊಟ್ಟು ಕಳಿಸ್ತೀನಿ. ಶೆಡ್ಡಲ್ಲಿ ಬಟ್ಟೆನಾದ್ರೂ ಒಣಗುತ್ತೆ."

ತನ್ನ ಮುಖಕ್ಕಿಂತ ಮೊದಲು ಕಾರು ತೊಳೆಯುವವನು ಅಳಿಯ. ಮಾರುವ ಮಾತು ಕಿವಿಗೆ ಬಿದ್ದದ್ದೇ ಅದರ ಬಾಗಿಲನ್ನು ಇನ್ನೊಮ್ಮೆ ಒರೆಸಿದ್ದ.

ಮಾವನವರು ಆಗಲೇ ಪಕ್ಕದ ಸೀಟಿನಲ್ಲಿದ್ದರು. ಡ್ರೈವಿಂಗ್ ಲೈಸೆನ್ಸ್ ಕೊಡುವ ಇಲಾಖೆಯಲ್ಲಿ ಇನ್‌ಸ್ಪೆಕ್ಟರಾಗಿದ್ದು ನಿವೃತ್ತರಾದವರು. ಈಗ ಎಲ್ಲಿಗೂ ನಡೆದೇ ಹೋಗುತ್ತಾರೆ, ಅದೂ ಗೋಡೆಗೆ ಅಂಟಿಕೊಂಡು. ಆರೋಗ್ಯಕ್ಕೆ ಎನ್ನುತ್ತಾರೆ. ಬೆಳಗಿನ ವಾಕಿಂಗ್ ಮಗಳ ಮನೆಯ ಶೆಡ್ಡಿನ ನೆರಳಲ್ಲಿ ಮುಗಿಯುತ್ತದೆ. ಸೀಟ್ ಬೆಲ್ಟನ್ನು ಅವರು ಮತ್ತೆ ಮತ್ತೆ ಎಳೆದು ನೋಡುತ್ತಿದ್ದರು.

"ಇವತ್ತು ಪ್ಲಗ್ ವೈರು ಅದಲುಬದಲು. ಸ್ಟಾರ್ಟರ್ ಫ್ಯೂಸೂ ಇಲ್ಲ," ಎಂದ ಮೆಕ್ಯಾನಿಕ್. "ಮನೆಯೋರೇ ಯಾರೋ."

ಅಳಿಯ ಜಗಲಿಯತ್ತ ತಿರುಗಿದ.

"ನನ್ನ ಯಾಕ್ರೀ ಹಾಗೆ ನೋಡ್ತೀರ?"

"ಮಾರ್ಬೇಕೂಂತ ಹಟ ಹಿಡಿದಿರೋಳು ನೀನೇ ಅಲ್ವಾ?"

"ಮಾರೋಳು ಕೆಡಿಸ್ತಾಳಾ? ಕೆಟ್ಟ ಕಾರಿಗೆ ಯಾರ್ರೀ ಒಳ್ಳೆ ರೇಟು ಕೊಡ್ತಾರೆ?"

ಮಾತಿನಲ್ಲಿ ಹುರುಳಿತ್ತು. ಅಳಿಯ ಮತ್ತೆ ಎಂಜಿನ್ನಿನತ್ತ ಬಗ್ಗಿದ.

ಮೆಕ್ಯಾನಿಕ್ ವೈರುಗಳನ್ನು ಸರಿಮಾಡಿ, ತನ್ನ ಡಬ್ಬಿಯಿಂದ ಹೊಸ ಫ್ಯೂಸ್ ತೆಗೆದು ಕೂರಿಸಿದ. ಎಷ್ಟೇ ದೂರದ ಕೆಲಸಕ್ಕೂ ಸೈಕಲ್ಲಿನಲ್ಲೇ ಬರುವ ಆಸಾಮಿ. ಎಂಜಿನ್ನಿನ ಸದ್ದು ಕೇಳಿದರೆ ಸಾಕು, ಓಡಿಸಿ ನೋಡುವುದು ಕಿವಿಯಿಲ್ಲದವರ ಕೆಲಸ ಎಂಬುದು ಅವನ ಹೆಮ್ಮೆ.

"ಎಲ್ಲಾ ಸರಿಹೋಯ್ತಾ?" ಒಳಗಿಂದ ಮಾವನವರ ದನಿ ಬಂತು. ಸಾವಿನ ಸುದ್ದಿ ವಿಚಾರಿಸುವ ದನಿ.

"ಚಿನ್ನದ ಹಾಗಿದೆ ಸಾರ್."

"ಇನ್ನೊಂದ್ಸಲ ನೋಡಪ್ಪ. ಅವಸರ ಏನೂ ಇಲ್ಲ."

ಅಳಿಯ ಕೂತು ಕೀಲಿ ತಿರುಗಿಸಿದ. ಎಂಜಿನ್ ಘರ್ಜಿಸಿತು.

"ಗೇರ್ ಹಾಕಿ ಕ್ಲಚ್ ಬಿಡಿ ಸಾರ್."

ಅಳಿಯ ವೈಪರ್ ಹಾಕಿದ. ಆಮೇಲೆ ಗೇರ್ ದೂಡಿ, ಕಾಲಡಿಯಲ್ಲಿದ್ದುದನ್ನೆಲ್ಲ ಒಟ್ಟಿಗೇ ಬಿಟ್ಟ. ಕಾರು ಕಪ್ಪೆಯಂತೆ ಒಂದು ನೆಗೆತ ನೆಗೆದು ಸತ್ತುಬಿತ್ತು. ಆ ಹೊಡೆತಕ್ಕೆ ಮಾವನವರ ಅಂಗಿಯ ಜೇಬಿನಿಂದ ಫ್ಯೂಸುಗಳು ಹಾರಿ ಎಲ್ಲೆಂದರಲ್ಲಿ ಚೆಲ್ಲಿದವು.

"ಅಪ್ಪಾ! ನೀವಾ?"

"ಇನ್ನೇನ್ಮಾಡ್ಲಿ ಮಗಳೇ? ಇವರಿಗೆ ಲೈಸೆನ್ಸ್ ಕೊಟ್ಟೋನು ನಾನೇ, ಮದುವೆ ಉಡುಗೊರೆ ಅಂತ. ಸ್ವಂತ ಅಳಿಯನಿಗೆ ಟೆಸ್ಟ್ ಮಾಡೋದು ಮರ್ಯಾದೆನಾ?"

"ಲೈಸೆನ್ಸ್ ಇದೆಯಲ್ಲ ಮಾವ, ಕೂತ್ರೆ ತಾನಾಗೇ ಬರುತ್ತೆ ಅಂದ್ಕೊಂಡಿದ್ದೆ," ಎಂದ ಅಳಿಯ ಸಣ್ಣ ದನಿಯಲ್ಲಿ. ಕೆಳಗಿಳಿದು ಕಾರಿನ ಮೈ ಸವರುತ್ತ ನಿಂತ.

ಆ ಸವರುವಿಕೆ ನೋಡಿ ಹೆಂಡತಿ ಕರಗಿದಳು. "ಹೋಗ್ಲಿ ಬಿಡಿ. ಗೇಟು ದಾಟ್ಬೇಕು ಅಂದೆ, ಯಾರು ದಾಟಿಸ್ಬೇಕು ಅಂತ ಹೇಳಿಲ್ಲ. ಮೆಕ್ಯಾನಿಕ್ಕಣ್ಣ, ನೀವೇ ಕೂತ್ಕೊಳ್ಳಿ. ಕಾರು ಇಟ್ಕೊಳ್ಳಲಿ ಪಾಪ."

ಅಳಿಯನ ಮುಖ ಅರಳಿತು. ಮಾವನವರು ಬೆಳಗ್ಗಿನಿಂದ ಹಿಡಿದಿಟ್ಟ ಉಸಿರನ್ನು ಬಿಟ್ಟು ಹಿಂದಕ್ಕೊರಗಿದರು.

"ಕಸುಬು ಗೊತ್ತಿರೋ ಮನುಷ್ಯ. ಇನ್ನು ಭಯ ಇಲ್ಲ. ಹೊರಡಪ್ಪ."

"'ಮೆಕ್ಯಾನಿಕ್ಕಿಗೆ ಎಂಥಾ ಟೆಸ್ಟು' ಅಂತ ನಂಗೂ ನೀವೇ ಅಲ್ವಾ ಸಾರ್ ಲೈಸೆನ್ಸ್ ಕೊಟ್ಟಿದ್ದು?" ಎನ್ನುತ್ತ ಮೆಕ್ಯಾನಿಕ್ ಆಕ್ಸಿಲರೇಟರ್ ತುಳಿದ, ಕಾರು ಗೇಟನ್ನೂ ಜೊತೆಗೆ ಕರೆದುಕೊಂಡು ಗೇಟು ದಾಟಿತು.