ಓರೆ ಬುಗುರಿಗಳು

ಸುಟ್ಟ ವಾಸನೆ ಮೂಗಿಗೆ ಬಡಿದ ಮೇಲೆಯೇ ಕೆಂಪರಾಜು ಬೆರಳು ನೋಡಿಕೊಂಡ. ಕಡೆಯುವ ಯಂತ್ರದಲ್ಲಿ ತಿರುಗುವ ಬುಗುರಿಗೆ ಬಣ್ಣಕ್ಕೆಂದು ಒತ್ತಿದ್ದ ಅರಗು ಕರಗಿ ಹೆಬ್ಬೆರಳಿಗೆ ಅಂಟಿತ್ತು. ಚರ್ಮ ಬೆಳ್ಳಗಾಗಿತ್ತು. ನೋವಿರಲಿಲ್ಲ. ಕೈಯನ್ನು ಪಂಚೆಯಲ್ಲಿ ಮರೆಮಾಡಿದ.

ಚನ್ನಪಟ್ಟಣದ ಆ ಬೊಂಬೆ ಕಾರ್ಖಾನೆಯಲ್ಲಿ ಅವನದು ಲೇತಿನಲ್ಲಿ ಮರ ಕಡೆಯುವ ಇಪ್ಪತ್ತಾರು ವರ್ಷಗಳ ಕೆಲಸ. ಈಚೆಗೆ ಅವನು ಕಡೆದ ಬುಗುರಿಗಳು ಓರೆಯಾಗುತ್ತಿದ್ದವು. ಕಣ್ಣು ಮಂಜಾಯಿತೆಂದು ಮಾಲೀಕ ಮೆಹಬೂಬ್ ಹೋದ ವರ್ಷವಷ್ಟೇ ಪಕ್ಕದ ಲೇತಿನ ಲೋಕೇಶನನ್ನು ಕೆಲಸ ಬಿಡಿಸಿ ಮನೆಗೆ ಕಳಿಸಿದ್ದರು.

"ಏನ್ಲಾ ಕೆಂಪರಾಜ, ಇದು ತಿರುಗ್ತೈತೇನ್ಲಾ?" ಮೆಹಬೂಬ್ ಒಂದು ಬುಗುರಿಯನ್ನು ನೆಲಕ್ಕೆ ಬಿಟ್ಟರು. ಒಂದೇ ಸುತ್ತಿಗೆ ಅದು ಮಗ್ಗುಲಾಯಿತು.

"ಮರ ಹಸಿ ಐತೆ, ಭಾಯ್."

ಬೆಂಗಳೂರಿನ ಕಲಾವಿದೆ ನಯನಾ ಬಂದದ್ದು ಅವತ್ತೇ. ಹೊಳೆಯುವ ಬೊಂಬೆಗಳನ್ನೆಲ್ಲ ಬಿಟ್ಟು, ಮೂಲೆಗೆ ಎಸೆದಿದ್ದ ಓರೆ ಬುಗುರಿಗಳ ಮುಂದೆ ಕುಕ್ಕುರುಗಾಲಲ್ಲಿ ಕುಳಿತಳು.

"ನನಗೆ ಇವೇ ಬೇಕು. ಪ್ರತಿ ವಾರ ಬರ್ತೀನಿ. ಏನೂ ತಿದ್ದಬೇಡಿ."

"ಕೆಟ್ಟೋಗಿರೋವು ಯಾಕಮ್ಮ?" ಮೆಹಬೂಬ್ ನಕ್ಕರು.

"ಈಗಿನ ಕಲೆಯಲ್ಲಿ ವಸ್ತು ಚೆಂದ ಇರಬೇಕು ಅಂತಿಲ್ಲ. ಅದರ ಹಿಂದಿನ ಯೋಚನೆ ಮುಖ್ಯ."

ಕೆಂಪರಾಜುವಿಗೆ ಅರ್ಥವಾಗಲಿಲ್ಲ. ಕೆಲಸ ಉಳಿಯಿತು ಎಂಬುದಷ್ಟೇ ತಿಳಿಯಿತು.

ಒಂಬತ್ತು ತಿಂಗಳು ಅವಳು ತಪ್ಪದೆ ಬಂದಳು. ಪ್ರತಿ ಬುಗುರಿಯ ಮೇಲೂ ತಾರೀಖು ಬರೆದುಕೊಂಡಳು. ಒಮ್ಮೆ ಅವನು ಹಬೆಯಾಡುವ ಸ್ಟೀಲಿನ ಟೀ ಲೋಟವನ್ನು ಮುಷ್ಟಿಯಲ್ಲಿ ಹಿಡಿದೇ ಕುಳಿತಿದ್ದಾಗ, ಅವಳ ಮಾತು ಅರ್ಧಕ್ಕೆ ನಿಂತಿತು.

"ಈ ಓರೆ ಹೇಗೆ ಬರುತ್ತೆ, ಕೆಂಪರಾಜು ಅವರೇ?"

"ಬೇಕಂತ್ಲೇ ಮಾಡ್ತೀನಿ, ಮೇಡಮ್."

"ಹಾಗೇ ಮಾಡ್ತಾ ಇರಿ," ಎಂದು ಅವಳು ಬೇರೆ ಕಡೆ ನೋಡಿದಳು.

ಇಷ್ಟು ಓದಿದವಳು ಇಷ್ಟು ಸುಲಭಕ್ಕೆ ನಂಬಿದಳಲ್ಲ ಎಂದು ಅವನಿಗೆ ಪಾಪವೆನಿಸಿತು.

ನಯನಾಳ ಪ್ರದರ್ಶನಕ್ಕೆ ಅವನೂ ಮೆಹಬೂಬೂ ರೈಲಿನಲ್ಲಿ ಬೆಂಗಳೂರಿಗೆ ಹೋದರು. ಉದ್ದನೆಯ ಬಿಳಿ ಗೋಡೆಗೆ ಬುಗುರಿಗಳನ್ನು ತಾರೀಖಿನ ಪ್ರಕಾರ ಸಾಲಾಗಿ ಜೋಡಿಸಿದ್ದರು. ಮೊದಲನೆಯದು ತುಸುವೇ ಓರೆ. ಕೊನೆಯದು ಬರೀ ಮರದ ಮುದ್ದೆ.

"ಇವನ್ನೆಲ್ಲ ಮಾಡಿದವರು ಇವರೇ," ಎಂದು ನಯನಾ ಪರಿಚಯಿಸಿದಳು. ಬಂದವರೆಲ್ಲ ಅವನ ಮುಖ ಬಿಟ್ಟು ಕೈಗಳನ್ನು ನೋಡಿದರು.

"ಇದಕ್ಕೊಂದು ಹೆಸರೂ ಇಟ್ಟವ್ರೆ ಕಣ್ಲಾ," ಎಂದು ಮೆಹಬೂಬ್ ಗೋಡೆಯ ದೊಡ್ಡ ಅಕ್ಷರಗಳನ್ನು ಹೆಮ್ಮೆಯಿಂದ, ಗಟ್ಟಿಯಾಗಿ ಓದತೊಡಗಿದರು. ಓದುತ್ತ ಓದುತ್ತ ಅವರ ದನಿ ಇಳಿಯಿತು.

"ಒಬ್ಬ ಕುಶಲಕರ್ಮಿಯ ಬೆರಳುಗಳು ಮರಗಟ್ಟಿದ ಒಂಬತ್ತು ತಿಂಗಳು."