ರೋಮಿನ ಹಿಡಿ ಮಣ್ಣು

“ಸೀನಪ್ಪ, ನಿಜ ಹೇಳು. ಇದು ರೋಮಿನ ಮಣ್ಣೇನಾ?” ಬೋರಣ್ಣ ಎರಡನೇ ಸಲ ಕೇಳಿದ. ಚಿಟಿಕೆ ಮಣ್ಣನ್ನು ಬೆರಳಲ್ಲಿ ತಿಕ್ಕಿ ನೋಡಿದ. “ನಮ್ಮ ಕೆರೆ ತಳದ ಗೋಡು ಇದ್ದಂಗೈತೆ.”

“ಅಲ್ಲಿನ ಮಣ್ಣೇ ಹಾಗೆ,” ಎಂದ ಸೀನು.

ಹಸೀ ಸುಳ್ಳು. ಎಡೆಯ ಪಕ್ಕದಲ್ಲಿ ಬಿಚ್ಚಿಟ್ಟಿದ್ದ ಆ ಕಪ್ಪು ಮಣ್ಣು ಸಮುದ್ರ ದಾಟುವುದಿರಲಿ, ಯಡಿಯೂರಿನ ಎಲ್ಲೆಯನ್ನೇ ದಾಟಿರಲಿಲ್ಲ.

ಯಡಿಯೂರಿನ ಅಕ್ಕಯಮ್ಮ ತ್ಯಾಗರಾಜನಗರದ ಸೀನುವಿನ ಮನೆಗೆ ಅವನು ತೊಟ್ಟಿಲಲ್ಲಿದ್ದಾಗಿನಿಂದ ಹಾಲು ಹಾಕುತ್ತಿದ್ದವಳು. ಅವಳಿಗೆ ಒಬ್ಬನೇ ಮಗ, ಶಾಮಣ್ಣ. ದೊಡ್ಡ ಯುದ್ಧದ ಕಾಲದಲ್ಲಿ ಪಟಾಲಮ್ಮು ಸೇರುತ್ತೇನೆಂದು ಹೊರಟವನು ತಿರುಗಿ ಬರಲಿಲ್ಲ. ಅವನನ್ನು ರೈಲು ಹತ್ತಿಸಿ ಬಂದವನು ಅವಳ ಮೈದುನ ಬೋರಣ್ಣ. ಮರುವರ್ಷ ದಂಡಿನಲ್ಲಿ ವಿಚಾರಿಸಿ, ಹುಡುಗ ರೋಮಿನ ಹತ್ತಿರ ಗುಂಡು ತಗುಲಿ ಸತ್ತನೆಂಬ ಸುದ್ದಿ ತಂದವನೂ ಅವನೇ. ಸರ್ಕಾರದಿಂದ ಒಂದು ಕಾಗದವೂ ಬರಲಿಲ್ಲ. “ಬಿಳಿಯರೇ ಹೊಂಟೋದ್ರು, ಇನ್ಯಾರನ್ನ ಕೇಳಾದು?” ಎಂದ ಬೋರಣ್ಣ. ಶಾಮಣ್ಣನ ಪಾಲಿನ ತೋಟವನ್ನು ಅಂದಿನಿಂದ ಅವನೇ ನೋಡಿಕೊಂಡ. ಅತ್ತಿಗೆಯನ್ನು ಒಂದು ಹೊತ್ತೂ ಉಪವಾಸ ಕೆಡವಲಿಲ್ಲ. ಮೈದುನ ಅಂದರೆ ಹೀಗಿರಬೇಕು ಎಂದು ಊರೇ ಹೊಗಳಿತು.

ಕಾಗೆ ಮಾತ್ರ ಒಪ್ಪಲಿಲ್ಲ. ಮಹಾಲಯ ಅಮಾವಾಸ್ಯೆಗೆ ಸತ್ತವರಿಗೆ ಇಷ್ಟವಾದದ್ದನ್ನು ಮಾಡಿ ಎಡೆ ಇಡುವುದು ಆ ಮನೆಯ ಪದ್ಧತಿ. ಕಾಗೆ ಮುಟ್ಟಿದರೆ ಸತ್ತವರು ಉಂಡಂತೆ. ಅಕ್ಕಯಮ್ಮನ ಗಂಡನ ಎಡೆ, ಮಾವನ ಎಡೆ ಹಿತ್ತಿಲ ಗೋಡೆಯ ಮೇಲೆ ಇಟ್ಟ ಗಳಿಗೆಯಲ್ಲೇ ಖಾಲಿ. ಶಾಮಣ್ಣನದನ್ನು ಇಷ್ಟು ವರ್ಷಗಳಲ್ಲಿ ಒಂದು ಕಾಗೆಯೂ ಮೂಸಿ ನೋಡಿರಲಿಲ್ಲ.

ಹೀಗಿರುವಾಗ ಸೀನುವಿನ ಕಾರ್ಖಾನೆಯ ಫುಟ್‌ಬಾಲ್ ತಂಡಕ್ಕೆ ರೋಮಿಗೆ ಹೋಗುವ ಯೋಗ ಬಂತು. ವಿಷಯ ತಿಳಿದದ್ದೇ ತಡ, ಅಕ್ಕಯಮ್ಮ ಹಾಲಿನ ಪಾತ್ರೆಯನ್ನು ಹೊಸಿಲ ಮೇಲೆ ಇಟ್ಟು ಅವನ ಕೈ ಹಿಡಿದುಕೊಂಡಳು.

“ನನ್ನ ಮಗ ಬಿದ್ದ ಕಡೆಯಿಂದ ಒಂದು ಹಿಡಿ ಮಣ್ಣು ತಂದ್ಕೊಡಪ್ಪ. ಎಡೆ ತಾವ ಮಡಗ್ತೀನಿ. ದಾರಿ ತಿಳೀದೆ ಅಲ್ಲೇ ಹಸ್ಕೊಂಡು ಕುಂತವ್ನೆ.”

ಬೋರಣ್ಣನಿಗೆ ಇದು ಹಿಡಿಸಲಿಲ್ಲ. “ಮುಚ್ಚಿಹೋದದ್ದನ್ನ ಕೆದಕಬಾರ್ದು ಅತ್ತಿಗೆ,” ಎಂದ. “ಅಲ್ಲಿಂದ ಎಷ್ಟು ಮಣ್ಣು ತಂದ್ರೂ ಅವನು ಬರಾಕಿಲ್ಲ.”

ಸೀನು ಮಾತು ಕೊಟ್ಟ. ಕೊಡುವುದಕ್ಕೇನು, ಮಾತು ತಾನೇ?

ರೋಮಿನಲ್ಲಿ ಪಂದ್ಯ ನಾಲ್ಕು ಗೋಲಿನಿಂದ ಸೋತರು. ಊರು ನೋಡಲು ಒಂದು ದಿನ ರಜೆ ಸಿಕ್ಕಿತು. ಸಿಪಾಯಿಗಳ ಸಮಾಧಿಗಳು ಊರಾಚೆ ಇವೆ, ಹೋಗಿಬರಲು ಅರ್ಧ ದಿನ ಬೇಕು ಎಂದರು. ಸೀನು ಹೊರಟದ್ದೂ ನಿಜ. ಆದರೆ ಗೆಳೆಯರು ಬಿಡಬೇಕಲ್ಲ. “ಬಾರೋ ಗುರು, ಮಣ್ಣು ಆಮೇಲೆ ತಂದ್ರಾಯ್ತು,” ಎಂದು ಎಳೆದುಕೊಂಡು ಹೋದರು. ಹಿಂದೆ ಮನುಷ್ಯರನ್ನು ಸಿಂಹಗಳ ಮುಂದೆ ನೂಕುತ್ತಿದ್ದ ಕೊಲೋಸಿಯಂ ನೋಡಿದ್ದಾಯಿತು. ದೊಡ್ಡ ಚರ್ಚಿನ ಗೋಪುರ ಹತ್ತಿದ್ದಾಯಿತು. ಕಾರಂಜಿಗೆ ಕಾಸು ಎಸೆದು, ಐಸ್‌ಕ್ರೀಂ ತಿಂದು, ಫೋಟೋ ತೆಗೆಸಿಕೊಂಡಿದ್ದಾಯಿತು. ಮರುದಿನ ಬೆಳಗ್ಗೆಯೇ ವಿಮಾನ. ಅದು ಮೇಲೆ ಏರಿದಾಗ ಅವನಿಗೆ ಮಣ್ಣಿನ ನೆನಪಾಯಿತು. ಮುದುಕಿಗೆ ಏನು ಹೇಳುವುದು?

ಅಮಾವಾಸ್ಯೆಯ ಬೆಳಗ್ಗೆ ಯಡಿಯೂರಿಗೆ ನಡೆಯುವಾಗಲೂ ಅದೇ ಚಿಂತೆ. ಎಲ್ಲಿ ನೋಡಿದರೂ ಕೆಮ್ಮಣ್ಣು. ಅದನ್ನೇ ಕೊಟ್ಟರೆ, ಹುಟ್ಟಿದಾಗಿನಿಂದ ಮಣ್ಣು ತುಳಿದ ಅಕ್ಕಯಮ್ಮನಿಗೆ ಗುರುತು ಸಿಗದೆ ಇದ್ದೀತೇ? ಬೋರಣ್ಣನ ತೋಟದ ಹಿಂದೆ ಯಾವುದೋ ಕಾಲದಲ್ಲಿ ಕೆರೆಯ ಕಪ್ಪು ಗೋಡು ತುಂಬಿ ಮುಚ್ಚಿದ್ದ ಹಳೇ ಬಾವಿ ಕಣ್ಣಿಗೆ ಬಿತ್ತು. ಅಲ್ಲಿ ಮಾತ್ರ ಮಣ್ಣು ಕಪ್ಪಗಿತ್ತು. ಸೀನು ಅತ್ತಿತ್ತ ನೋಡಿ, ಒಂದು ಹಿಡಿ ಬಗೆದು, ರೋಮಿನ ಅಂಗಡಿಯ ಬಣ್ಣದ ಕಾಗದದಲ್ಲಿ ಕಟ್ಟಿಕೊಂಡ.

ಈಗ ಅದೇ ಮಣ್ಣು ಗೋಡೆಯ ಮೇಲೆ, ಮುದ್ದೆ ಮತ್ತು ಕೋಳಿಸಾರಿನ ಪಕ್ಕದಲ್ಲಿ ಕೂತಿತ್ತು.

“ಇವತ್ತೂ ಬರದೆ ಹೋದ್ರೆ ಇನ್ನು ಎಡೆ ಇಡಾಕಿಲ್ಲ,” ಎಂದಳು ಅಕ್ಕಯಮ್ಮ. “ಹೆತ್ತೋಳ ಕೈತುತ್ತು ಅವನಿಗೆ ಬ್ಯಾಡ ಅಂತ ತಿಳ್ಕತೀನಿ.”

ಸೀನುವಿಗೆ ಅಲ್ಲಿಂದ ಓಡಿಹೋಗಬೇಕೆನಿಸಿತು. ಸುಳ್ಳು ಮಣ್ಣಿಗೆ ಯಾವ ಕಾಗೆ ಬಂದೀತು? ಪ್ರತಿವರ್ಷ ಎಡೆ ಇಟ್ಟೊಡನೆ ತೋಟದ ಕೆಲಸವಿದೆ ಎಂದು ಹೊರಟುಬಿಡುತ್ತಿದ್ದ ಬೋರಣ್ಣ ಇಂದು ಕದಲದೆ ನಿಂತಿದ್ದ. ಅವನ ಕಣ್ಣು ಮಣ್ಣಿನ ಮೇಲೆಯೇ ಇತ್ತು. ಸಿಕ್ಕಿಬಿದ್ದೆ ಎಂದುಕೊಂಡ ಸೀನು.

ಹೊಂಗೆಮರದಿಂದ ಒಂದು ಕಾಗೆ ಇಳಿಯಿತು. ಗೋಡೆಯ ಮೇಲೆ ಕುಪ್ಪಳಿಸುತ್ತ ಬಂದು, ಮಣ್ಣಿನ ಮುಂದೆ ನಿಂತು, ಕತ್ತು ಓರೆ ಮಾಡಿ ನೋಡಿತು. ಆಮೇಲೆ ಮುದ್ದೆಗೆ ಕೊಕ್ಕು ಹಾಕಿತು. ಅದರ ಹಿಂದೆ ಇನ್ನೊಂದು ಬಂತು, ಮತ್ತೊಂದು ಬಂತು.

ಅಕ್ಕಯಮ್ಮ ಅಲ್ಲೇ ನೆಲಕ್ಕೆ ಕುಸಿದಳು. “ಉಣ್ಣಪ್ಪ ಮಗನೇ, ಹೊಟ್ಟೆ ತುಂಬ ಉಣ್ಣು,” ಎನ್ನುತ್ತ ಸೆರಗು ಬಾಯಿಗೊತ್ತಿಕೊಂಡು ಅತ್ತಳು. ಸೀನುವಿನ ಕಣ್ಣೂ ತುಂಬಿತು. ನಾಚಿಕೆ ಒಂದು ಕಡೆ, ಬದುಕಿದೆ ಅನ್ನುವ ಸಮಾಧಾನ ಇನ್ನೊಂದು ಕಡೆ.

ಅಷ್ಟರಲ್ಲಿ ಬೋರಣ್ಣ ಸೀನುವಿನ ರಟ್ಟೆ ಹಿಡಿದು ಕೊಟ್ಟಿಗೆಗೆ ಎಳೆದೊಯ್ದ. ಅವನ ಮುಖ ಸುಣ್ಣವಾಗಿತ್ತು.

“ಎಲ್ಲಿ ತೆಗೆದೆ ಆ ಮಣ್ಣ? ರೋಮಿನ ಮಣ್ಣಿಗೆ ಕಾಗೆ ಬರಾಕಿಲ್ಲ. ನಂಗೊತ್ತು.”

ಇನ್ನು ಮುಚ್ಚಿಟ್ಟು ಉಪಯೋಗವಿರಲಿಲ್ಲ. “ತಪ್ಪಾಯ್ತು ಬೋರಣ್ಣ. ನಿಮ್ಮ ತೋಟದ ಹಿಂದೆ ಹಳೇ ಬಾವಿ ಮುಚ್ಚಿದೀರಲ್ಲ, ಅಲ್ಲಿ ತೆಗೆದೆ. ಪಾಪ, ಅಕ್ಕಯಮ್ಮಂಗೆ ಮಾತ್ರ ಹೇಳ್ಬೇಡಿ.”

ಬೋರಣ್ಣ ಕೊಟ್ಟಿಗೆಯ ಕಂಬ ಹಿಡಿದುಕೊಂಡ.

“ಶಾಮ ಆ ಬಾವೀಲವ್ನೆ ಅಂತ ನಿಂಗ್ಯಾರೋ ಹೇಳಿದ್ದು?”