ವರ್ಷಕ್ಕೊಂದು ಲೋಟ ಪೆಟ್ರೋಲು

ಹಳೇ ಕಾರೊಂದಕ್ಕೆ ವರ್ಷಕ್ಕೆ ಒಂದೇ ಲೋಟ ಪೆಟ್ರೋಲು ಎಂಬ ನಿಯಮ ಬಂದು ಹದಿನಾಲ್ಕು ವರ್ಷವಾಗಿತ್ತು. ಈ ಸಲದ ಲೋಟದ ಸೀಲು ಒಡೆದು ಮೆಕ್ಯಾನಿಕ್ ಮೋನಪ್ಪ ಇಟಲಿಯ ಕೆಂಪು ಕಾರಿಗೆ ಹೊಯ್ದಾಗ, ಕಂಕನಾಡಿಯ ಅವನ ಗ್ಯಾರೇಜಿನಲ್ಲಿ ನೆರೆದಿದ್ದ ಹಳೇ ಕಾರಿನ ಹುಚ್ಚರೆಲ್ಲ ಬರೀ ವಾಸನೆಗೇ ಕಣ್ಣು ಮುಚ್ಚಿದರು. ಹೊರಗೆ ರಸ್ತೆಯಲ್ಲಿ ಸದ್ದಿಲ್ಲದ ಗಾಡಿಗಳು ತಮ್ಮಷ್ಟಕ್ಕೆ ಓಡುತ್ತಿದ್ದವು.

ಸ್ಟೀರಿಂಗಿನ ಮುಂದೆ ಐರಿನ್‌ಬಾಯಿ ಕೂತಿದ್ದರು. ಗಂಡ ಗ್ರೆಗರಿ ತೀರಿಕೊಂಡ ಮೇಲೆ ಇದೇ ಮೊದಲು. ಅವರಿಗಾಗಿಯೇ ಮೋನಪ್ಪ ವರ್ಷವಿಡೀ ಇಂಜಿನ್ನು ಬಿಚ್ಚಿ ಜೋಡಿಸಿದ್ದ. ಕೀ ತಿರುಗಿಸಿದ್ದೇ ತಡ, ಒಂಚೂರೂ ತಡವರಿಸದೆ ಸ್ಟಾರ್ಟ್ ಆಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಐರಿನ್‌ಬಾಯಿಯ ಮುಖ ಮಾತ್ರ ಬಾಡಿತು.

"ಮೊದಲು ಎರಡು ಸಲ ಕೆಮ್ಮುತ್ತಿತ್ತಲ್ಲ ಮೋನಪ್ಪಣ್ಣ?"

"ಅದು ದೋಷ ಬಾಯಿ. ಸರಿ ಮಾಡಿದೆ."

"ಆ ಕೆಮ್ಮಿಗೇ ಅಲ್ವಾ ಅವರು ಇದಕ್ಕೆ ಬೈಯುತ್ತಿದ್ದದ್ದು?"

ಮೋನಪ್ಪ ಕೈ ಚಾಚಿ ಇಂಜಿನ್ನು ನಿಲ್ಲಿಸಿದ. ಟ್ಯಾಂಕಿನ ತಳದಲ್ಲಿ ಇನ್ನೆರಡು ಗುಟುಕು ಉಳಿದಿದ್ದರೆ ಹೆಚ್ಚು. ಬಾನೆಟ್ ಎತ್ತಿ, ಗ್ರೆಗರಿಯವರು ಹಟ ಹಿಡಿದು ಹಾಕಿಸಿದ್ದ ಕಾರ್ಬ್ಯುರೇಟರಿನ ಸ್ಕ್ರೂವನ್ನು ಕಾಲು ಸುತ್ತು ಸಡಿಲಿಸಿದ.

"ಈಗ ತಿರುಗಿಸಿ ಬಾಯಿ."

ಇಂಜಿನ್ನು ಎರಡು ಸಲ ಕೆಮ್ಮಿತು. ಅಷ್ಟಕ್ಕೇ ಪೆಟ್ರೋಲು ಮುಗಿಯಿತು.

ಐರಿನ್‌ಬಾಯಿ ಡ್ಯಾಶ್‌ಬೋರ್ಡಿಗೆ ಮೆಲ್ಲನೆ ಒಂದೇಟು ಕೊಟ್ಟು, ಗಂಡನದೇ ಧಾಟಿಯಲ್ಲಿ, "ಎಂತ ಮಾರಾಯ್ತಿ, ಬೆಳಿಗ್ಗೆಯೇ ಮುನಿಸಾ?" ಎಂದರು.

ಮೋನಪ್ಪ ಕೆಂಪು ಬಣ್ಣ ತಂದು ಆ ಸ್ಕ್ರೂವಿನ ಮೇಲೊಂದು ಚುಕ್ಕೆಯಿಟ್ಟ, ಇನ್ನು ಯಾರೂ ಅದನ್ನು ಸರಿ ಮಾಡಬಾರದೆಂದು.